ಅಕ್ಕ ಮುಚ್ಚಿಟ್ಟ ನಳಿಗೆ

ಸೋಮವಾರ, ಬೆಳಿಗ್ಗೆ 9.20

ಯಂತ್ರ ತಣಿಸುವ ಹೀಲಿಯಂ ತುಂಬಿದೆ. ಕಾಫಿ ಚೆಲ್ಲಿದೆ. ಎರಡನ್ನೂ ಲಾಗ್‌ಬುಕ್‌ನಲ್ಲಿ ಬರೆದಿದ್ದೇನೆ. ವಿಜ್ಞಾನಕ್ಕೆ ಪ್ರಾಮಾಣಿಕತೆ ಮುಖ್ಯ.

ಅಕ್ಕ ಬೆಳೆಸಿದ ಹರಳಿನ ಕಾಂತಗುಣವನ್ನು ಮತ್ತೆ ಅಳೆಯಬೇಕು. ಗಾತ್ರ ಸಾಸಿವೆಯಷ್ಟು, ಬಿಗುಮಾನ ಆನೆಯಷ್ಟು. ಒಡಹುಟ್ಟಿದ ಅಕ್ಕನಲ್ಲ, ಲ್ಯಾಬಿನ ಅಕ್ಕ. ಪೇಪರಿಗೆ ಅಳೆದು ಮುಗಿಸಿ, ಹರಳನ್ನು ಗಾಜಿನ ನಳಿಗೆಯಲ್ಲಿಟ್ಟು ಮುಚ್ಚಿದಳು. ಮೂರನೇ ವಾರಕ್ಕೆ ತೀರಿಕೊಂಡಳು. ಚಪ್ಪಲಿ ಇನ್ನೂ ಬಾಗಿಲ ಹಿಂದಿದೆ.

ಅವಳ ವಾದ: ಇದರೊಳಗೆ ಸ್ಪಿನ್‌ಗಳು, ಅಂದರೆ ಪರಮಾಣುವಿನ ಪುಟಾಣಿ ಕಾಂತಗಳು, ತ್ರಿಕೋನದ ಮೂಲೆಗಳಲ್ಲಿ ನಿಂತಿವೆ. ಪ್ರತಿಯೊಬ್ಬನಿಗೂ ಪಕ್ಕದವನಿಗೆ ವಿರುದ್ಧವಾಗಿಯೇ ನಿಲ್ಲುವ ಹಟ. ಇಬ್ಬರದು ಇತ್ಯರ್ಥವಾದೀತು, ಮೂರನೆಯವನು ಎತ್ತ ತಿರುಗಿದರೂ ತಪ್ಪು. ಹಾಗಾಗಿ ಎಷ್ಟೇ ತಣ್ಣಗಾಗಲಿ, ಯಾರೂ ಸಾಲಾಗಿ ನಿಲ್ಲುವುದಿಲ್ಲ.

ಮೇಷ್ಟ್ರು, ಅಕ್ಕ, ನಾನು ಹೀಗೇ ಇದ್ದೆವು. ಈಗ ಇಬ್ಬರೇ. ಲೆಕ್ಕದ ಪ್ರಕಾರ ಹೊಂದಿಕೊಂಡು ಹೋಗಬೇಕಿತ್ತು.

ಸಂಜೆ 4.00

ಐವತ್ತು ಕೆಲ್ವಿನ್, ಅಂದರೆ ಸೊನ್ನೆ ಡಿಗ್ರಿಗಿಂತ ಇನ್ನೂರಿಪ್ಪತ್ತರಷ್ಟು ಕೆಳಗೆ, ಗ್ರಾಫಿನ ಗೆರೆಯಲ್ಲೊಂದು ಉಬ್ಬು. ಇರಬಾರದು.

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. “ಸಾಲಾಗಿ ನಿಂತ್ಬಿಟ್ವಲ್ಲಯ್ಯ. ಅವಳದ್ದು ತಪ್ಪಿತ್ತು ಅಂತ ಬರೆದು ಪೇಪರ್ ವಾಪಸ್ ತಗೊಳ್ಳೋಣ.”

“ಅವಳ ಕೊನೇ ಪೇಪರ್ ಸರ್.”

“ಹರಳಿಗೆ ಅದು ಗೊತ್ತಾ?”

ಆಮೇಲೆ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

ಗುರುವಾರ, ಮಧ್ಯಾಹ್ನ

ಅದೇ ಉಬ್ಬು, ಅದೇ ಜಾಗ. ಹಾಜರಾತಿಯಲ್ಲಿ ನನಗಿಂತ ಶಿಸ್ತು.

ಎಲ್ಲೋ ನೋಡಿದ್ದೇನೆ ಅನಿಸಿ ಪುಸ್ತಕ ತೆಗೆದೆ. ಹೆಪ್ಪುಗಟ್ಟಿದ ಆಕ್ಸಿಜನ್. ಅದಕ್ಕೂ ಕಾಂತಗುಣವಿದೆ, ಅದರ ಉಬ್ಬು ತಲೆ ಎತ್ತುವುದೂ ಐವತ್ತರ ಹತ್ತಿರವೇ.

ಅಂದರೆ ನಳಿಗೆಯೊಳಗೆ ಗಾಳಿ.

ಮುಚ್ಚಿದ ದಿನ ಅಕ್ಕ ನಳಿಗೆಗೆ ಉಫ್ ಎಂದು ಊದಿ ಧೂಳು ಹಾರಿಸಿದಳು — ಅವಳ ಅಭ್ಯಾಸ. ಹರಳು ಹಾಕಿ ಪಂಪಿಗೆ ಜೋಡಿಸಿದಳು. ಗಾಳಿ ಎಳೆಯುವುದು ನನ್ನ ಕೆಲಸ. ಪಂಪ್ ಹಾಕಿದ್ದೆ. ಸದ್ದೂ ಜೋರಾಗಿತ್ತು. ವಾಲ್ವ್... ತೆರೆದ ನೆನಪಿಲ್ಲ.

“ಎಳ್ದಾಯ್ತೇನೋ?”

“ಆಯ್ತಕ್ಕ.”

ನಳಿಗೆಯ ಬಾಯಿಗೆ ಬೆಂಕಿ ಹಿಡಿದು, ಗಾಜು ಕರಗಿಸಿ ಮುಚ್ಚಿದಳು.

ನಾಲ್ಕು ದಿನದಿಂದ ಅವಳ ಉಸಿರನ್ನು ಅಳೆಯುತ್ತಿದ್ದೇನೆ.

ಶುಕ್ರವಾರ, 11.10

ಮೇಷ್ಟ್ರಿಗೆ ಹೇಳಿಬಿಟ್ಟೆ.

“ಹುಟ್ಟಿದ್ಮೇಲೆ ಒಂದು ಕೆಲಸಾನಾದ್ರೂ ನೆಟ್ಟಗೆ ಮಾಡಿದ್ದೀಯೇನಯ್ಯ?”

“ಇದೊಂದು ಮಾಡ್ಲಾ ಸರ್? ನಳಿಗೆ ಒಡೆದು, ಗಾಳಿ ಬದಲು ಹೀಲಿಯಂ ಹಾಕಿ ಮುಚ್ತೀನಿ. ಉಬ್ಬು ಹೋದ್ರೆ ಅಕ್ಕನೇ ಸರಿ.”

ಮೇಷ್ಟ್ರು ನಳಿಗೆ ಎತ್ತಿ ಬೆಳಕಿಗೆ ಹಿಡಿದರು. “ಒಡೀವಾಗ ನನ್ನ ಕರೀಬೇಡ,” ಅಂದರು.

ಮಂಗಳವಾರ, 10.30

ಮೂರು ದಿನ ಏನೇನೋ ನೆಪ. ಇವತ್ತು ನಳಿಗೆಯನ್ನು ಅರದಿಂದ ಗೀರಿ ಮುರಿದೆ. ಕಿವಿಗೆ ಹಿಡಿದಿದ್ದೆ, ಉಫ್ ಅಂದೀತೆಂದು. ಅನ್ನಲಿಲ್ಲ. ಬಿಸಿಯಲ್ಲಿ ಮುಚ್ಚಿದ ಗಾಳಿ ತಣಿದು ಕುಗ್ಗಿರುತ್ತದೆ. ಹೊರಗಿನದೇ ಒಳಗೆ ನುಗ್ಗಿತು. ಥೇಟ್ ಯಾರೋ ಉಸಿರು ಎಳೆದುಕೊಂಡ ಹಾಗೆ.

ಮಧ್ಯಾಹ್ನ 3.45

ಹೀಲಿಯಂ ಹಾಕಿ ಮುಚ್ಚಿ, ಮತ್ತೆ ತಣಿಸಿದೆ. ಅರವತ್ತು ಕೆಲ್ವಿನ್. ಐವತ್ತು. ನಲವತ್ತು. ಗೆರೆ ನುಣ್ಣಗಿದೆ. ಹತ್ತು. ಎರಡು. ಯಾರೂ ಸಾಲಾಗಿ ನಿಂತಿಲ್ಲ. ನೀನೇ ಗೆದ್ದೆ ಅಕ್ಕ. ಮೇಷ್ಟ್ರು ಬಂದು ನೋಡಿದರು, ಬೆನ್ನು ತಟ್ಟಿದರು, ಬಾಗಿಲ ಹಿಂದಿನ ಚಪ್ಪಲಿ ಕಂಡು ಹಾಗೇ ನಿಂತರು.

ಖುಷಿಯಾಗಬೇಕು. ಆಗಿದೆ ಅಂತಲೇ ಲಾಗ್‌ಬುಕ್‌ನಲ್ಲಿ ಬರೆದೆ. ಕಣ್ಣು ಮಾತ್ರ ಮತ್ತೆ ಮತ್ತೆ ಐವತ್ತರ ಹತ್ತಿರ. ಅಲ್ಲಿ ಈಗ ಅವಳ ಉಸಿರಿಲ್ಲ.