ಬಳ್ಳಿ ಕಿತ್ತ ಗೋಡೆ

ಅಪ್ಪಾ,

ನೀನು ಪಶ್ಚಿಮದ ಗೋಡೆಗೆ ಹಬ್ಬಿಸಿದ್ದ ಬಳ್ಳಿಯನ್ನು ನೀನು ತೀರಿಕೊಂಡ ತಿಂಗಳೇ ಕೀಳಿಸಿದೆ. ಎಸಿಯ ಹೊರಗಿನ ಪೆಟ್ಟಿಗೆಗೆ ಜಾಗ ಬೇಕಿತ್ತು. ಬೀದಿಗೆಲ್ಲ ಎಸಿ ಕೂರಿಸುವವನ ಮನೆಯಲ್ಲೇ ಇಲ್ಲವೆಂದರೆ ನಗೆಪಾಟಲಲ್ಲವೇ?

ಇವತ್ತು ಮಧ್ಯಾಹ್ನ ಕರೆಂಟು ಹೋಯಿತು. ಅರ್ಧ ಗಂಟೆಯಲ್ಲಿ ಆ ಗೋಡೆ ಕಾದ ಕಾವಲಿಯಾಯಿತು. ಈಚೆಗೆ ಮರೆವು ಹತ್ತಿರುವ ಅಮ್ಮ ಮಲಗಿದ್ದಲ್ಲೇ ಅದರ ಮೇಲೆ ಅಂಗೈ ಇಟ್ಟು, "ಇದಕ್ಕೆ ಜ್ವರ ಬಂದಿದೆ ಕಣೋ, ನಿಮ್ಮಪ್ಪನ್ನ ಕರಿ" ಅಂದಳು.

ಕಿಟಕಿ ತೆರೆದೆ. ಜನರೇಟರ್ ಇರುವ ಪಕ್ಕದ ಮನೆಯ ಎಸಿ ಉಗುಳುತ್ತಿದ್ದ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅದನ್ನು ಅಲ್ಲಿ ಕೂರಿಸಿ ಗ್ಯಾಸ್ ತುಂಬಿದವನೂ ನಾನೇ. ಕಿಟಕಿ ಮುಚ್ಚಿಬಿಟ್ಟೆ.

ಅಷ್ಟರಲ್ಲಿ ಎದುರು ಮನೆಯವರ ಫೋನು. "ತಡಕೊಳ್ಳೋಕಾಗ್ತಿಲ್ಲ, ನಾಳೆನೇ ಒಂದು ಎಸಿ ಹಾಕಿಕೊಡಿ. ನಮ್ಮ ಮರ ಅಡ್ಡ ಬಂದ್ರೆ ಕಡಿಸ್ತೀವಿ" ಅಂದರು.

ಅಮ್ಮನ ಕೈ ಗೋಡೆಯ ಮೇಲೇ ಇತ್ತು. "ಆಯ್ತು, ಬರ್ತೀನಿ" ಅಂದೆ.