ಬಾಣಂತಿ ಕೋಣೆಯ ಕೆಂಡ

ಕ್ಲೈಡ್ ನಾರ್ತ್, ಮೆಲ್ಬರ್ನ್
28 ಜುಲೈ 2025

ಚಿ. ಸೌ. ಹೇಮಲತಾಳಿಗೆ,

ನಿನಗೂ ಕೂಸಿಗೂ ಅವ್ವನ ಆಶೀರ್ವಾದ. ನಿನ್ನ ಗಂಡ ಸಂಜುಗೆ ನನ್ನ ಸಿಟ್ಟು ಇಳಿದ ಮೇಲೆ ಆಶೀರ್ವಾದ ಮಾಡುತ್ತೇನೆ. ಇಲ್ಲಿಗೆ ಬಂದು ಹನ್ನೆರಡು ದಿನವಾದರೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಫೋನ್ ಮಾಡಿದರೆ ಸಂಜುನೇ ಎತ್ತಿ, "ಅಕಿ ಮಲಗ್ಯಾಳ್ರೀ ಅತ್ತಿ" ಎನ್ನುತ್ತಾನೆ. ಬಾಣಂತಿ ಮಲಗಲಿ, ಬೇಡ ಎನ್ನುವುದಿಲ್ಲ. ಆದರೆ ಹನ್ನೆರಡು ದಿನ ಹಗಲೂ ರಾತ್ರಿ ಮಲಗಿದವರನ್ನು ನಾನಂತೂ ಕಂಡಿಲ್ಲ.

ನಿನ್ನ ಅಣ್ಣ ಗುರು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ. ಇವನ ಮನೆಯಲ್ಲಿ ಗುಂಡಿ ಒತ್ತಿದರೆ ಸಾಕು, ಚಾವಣಿಯ ಜಾಲರಿಯಿಂದ ಬಿಸಿ ಗಾಳಿ ಬರುತ್ತದೆ. ಬೆಳಗ್ಗೆ ಅದರ ಸದ್ದು ಕೇಳಿದಾಗಲೆಲ್ಲ ಸಿಡ್ನಿಯ ನಿನ್ನ ಸ್ಕೋಫೀಲ್ಡ್ಸ್ ಮನೆ ನೆನಪಾಗಿ ನನ್ನ ಮೈ ಉರಿಯುತ್ತದೆ.

ಮೂರು ವಾರ, ಹೇಮಾ. ಹೀಟರ್ ಕೆಟ್ಟು ಮೂರು ವಾರ. ಹೊರಗೆ ಆ ಊರಿನ ಜುಲೈ ಚಳಿಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು, ಒಳಗೆ ಕೂಸಿಗೆ ಹಚ್ಚುವ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತಿತ್ತು. ಸಂಜುಗೆ ಹೇಳಿದರೆ, "ಸಿಡ್ನಿ ಬಿಸಿಲೂರು ರೀ ಅತ್ತಿ. ಹತ್ತಕ್ಕ ಬಿಸಲ ಬೀಳ್ತದ, ಎಲ್ಲಾ ಸರಿ ಹೋಗ್ತದ" ಎಂದು ಜಾಕೆಟ್ ಏರಿಸಿ ಬೆಚ್ಚಗಿನ ನಾರ್ವೆಸ್ಟ್ ಆಫೀಸಿಗೆ ಹೊರಟುಬಿಡುತ್ತಿದ್ದ. ಬೆಳಗಿನ ಆರಕ್ಕೆ ಎರೆದುಕೊಂಡು ನಡುಗುವ ಬಾಣಂತಿಗೆ ಹತ್ತು ಗಂಟೆಯ ಬಿಸಿಲು ಕಟ್ಟಿಕೊಂಡು ಏನಾಗಬೇಕು?

ಬಾಡಿಗೆ ಮನೆಯ ಏಜೆಂಟನಿಗೆ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. "ಕಂಪ್ಲೇಂಟ್ ಮಾಡಿದ್ರ ಲೀಸ್ ರಿನ್ಯೂ ಮಾಡೂದಿಲ್ಲ. ಹಸುಗೂಸು ಕಟಗೊಂಡು ಎಲ್ಲಿ ಮನಿ ಹುಡುಕೂದ್ರಿ?" ಎಂದ. ಅವನ ಹೆದರಿಕೆ ಸುಳ್ಳಲ್ಲ, ಅದು ನನಗೂ ತಿಳಿಯುತ್ತದೆ. ಆದರೆ ಹೆದರಿದವನು ಅಂಗಡಿಯಿಂದ ಒಂದು ಪ್ಲಗ್ಗಿನ ಹೀಟರ್ ತರಬಹುದಿತ್ತು. ತಂದದ್ದು ಬಾರ್ಬೆಕ್ಯೂ ಇದ್ದಿಲಿನ ಚೀಲ. "ಊರಾಗ ಬಾಣಂತಿಗೆ ಕೆಂಡ ಇಡ್ತಾರಲ್ರಿ ಅತ್ತಿ, ಹಂಗ ಮಾಡ್ರಿ" ಎಂದು ನನ್ನ ಕೈಗೇ ಕೊಟ್ಟ.

ಮಾಡಿದೆ. ಹಿತ್ತಲಲ್ಲಿ ಇದ್ದಿಲು ಹೊತ್ತಿಸಿ, ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತಂದು ನಿನ್ನ ಮಂಚದ ಕೆಳಗಿಟ್ಟು ಓಮ ಉದುರಿಸಿದೆ. ಗಾಳಿ ಸೋಕಬಾರದೆಂದು ಕಿಟಕಿ, ಬಾಗಿಲು ಹಾಕಿದವಳೂ ನಾನೇ. ಅದು ನನ್ನ ತಪ್ಪು, ಯಾರ ಮುಂದೆ ಬೇಕಾದರೂ ಒಪ್ಪುತ್ತೇನೆ. ಧಾರವಾಡದ ಹಂಚಿನ ಮನೆಯಲ್ಲಿ ಗಾಳಿ ಎಲ್ಲಿಂದಲೋ ನುಸುಳುತ್ತಿತ್ತು. ನಿಮ್ಮ ಮನೆಯಲ್ಲಿ ಕಿಟಕಿ ಹಾಕಿದರೆ ಕೆಂಡದ ವಿಷಗಾಳಿ ಒಳಗೇ ಉಳಿಯುತ್ತದೆಂದು ನನಗೆ ಹೊಳೆಯಲಿಲ್ಲ. ನಿನಗೆ ತಲೆ ಸುತ್ತಿ ವಾಂತಿಯಾದಾಗ ಕೂಸನ್ನು ಎತ್ತಿಕೊಂಡು, ನಿನ್ನನ್ನು ಎಳೆದುಕೊಂಡು ಹೊರಗೆ ಓಡಿದೆ. ಆಂಬುಲೆನ್ಸ್ ಬಂತು. ಸಂಜೆಗೆ ಇಬ್ಬರೂ ಮನೆಗೆ ಮರಳಿದಿರಿ, ಶಿವ ದೊಡ್ಡವನು.

ಆದರೆ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ನಿನ್ನ ಗಂಡ ಏನೆಂದ? ಅತ್ತೆ ನಮಗೆ ಹೇಳದೆ ಇಟ್ಟರು ಎಂದ. ಎದುರಿಗೇ ನಿಂತಿದ್ದೆ, ನನಗೆ ಇಂಗ್ಲಿಷ್ ಬಾರದೆಂದು ತಿಳಿದನೋ ಏನೋ. ಮರುದಿನವೇ ಮೆಲ್ಬರ್ನ್ ಟಿಕೆಟ್ ತಂದ. ಈಗ ಗುರುವಿಗೆ ಫೋನ್ ಮಾಡಿ, "ಇನ್ನ ಮ್ಯಾಲೆ ಕೂಸಿನ ಹತ್ರ ಅವರೊಬ್ಬರನ್ನ ಬಿಡೂದಿಲ್ಲ" ಎಂದಿದ್ದಾನೆ. ಒಂಬತ್ತು ಬಾಣಂತನ ಮಾಡಿದ ಕೈ ಇದು. ಒಂದು ಕೂಸಿಗೂ ನೆಗಡಿ ಹತ್ತಗೊಟ್ಟಿಲ್ಲ.

ಇದ್ದಿಲು ತಂದವನು ತಾನೇ ಎಂದು ಅವನು ಗುರುವಿಗೆ ಹೇಳಲಿ. ಹೇಳಿದ ದಿನವೇ ಬಂದು ಉಳಿದ ಬಾಣಂತನ ಮುಗಿಸುತ್ತೇನೆ. ಇಲ್ಲದಿದ್ದರೆ ಮೊಮ್ಮಗಳ ಮುಖ ಮತ್ತೊಮ್ಮೆ ನೋಡದೆ ಇಲ್ಲಿಂದಲೇ ಧಾರವಾಡಕ್ಕೆ ಹೋಗುತ್ತೇನೆ.

ಕಿವಿಗೆ ಅರಳೆ ಇಟ್ಟುಕೋ. ತಣ್ಣೀರಲ್ಲಿ ಕೈಯಾಡಿಸಬೇಡ. ಕೂಸು ನೂರು ವರ್ಷ ಬಾಳಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ಅನ್ನಪೂರ್ಣವ್ವ

ತಾ.ಕ.: ಸಂಜು ಅಳಿಯ. ಅವನ ಸುಳ್ಳಿಗೆ ನನ್ನ ಸಿಟ್ಟು ನಾಲ್ಕು ದಿನ ಇದ್ದು ಹೋಗುತ್ತದೆ. ಆ ಇದ್ದಿಲಿನ ಚೀಲ ಎರಡು ದಿನ ಮೂಲೆಯಲ್ಲೇ ಬಿದ್ದಿತ್ತು, ನಾನು ಮುಟ್ಟಿರಲಿಲ್ಲ. "ಅವ್ವಾ, ಕಾಲು ಕಲ್ಲಾಗ್ಯಾವ. ನಾ ಹುಟ್ಟಿದಾಗ ಆಯಿ ನಿನಗ ಇಟ್ಟಿದ್ಲಂತಲ್ಲ, ಹಂಗ ಕೆಂಡ ಇಡ" ಎಂದು ಕೇಳಿದವಳು ನೀನು. ನರ್ಸ್ ನಿನ್ನ ಕಡೆ ತಿರುಗಿ, ನಿಮಗೆ ಗೊತ್ತಿತ್ತೇ ಎಂದಳು. ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ ಇಲ್ಲವೆಂದು ತಲೆ ಅಲ್ಲಾಡಿಸಿದೆ.