ಜಾಣ ಗೊಂಬೆ

ಜೂನ್ ೧೪, ಭಾನುವಾರ

ನನ್ನ ಪುಟ್ಟಿಗೆ,

ನಿನ್ನ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದಿದ್ದದ್ದು ಸೋಮಾರಿತನದಿಂದಲ್ಲ, ನಿನಗೆ ಬರೆಯಲು ನನಗೆ ಮುಖವಿರಲಿಲ್ಲ. ಅಮ್ಮನ ಮೇಲೆ ಮುನಿಸಿಕೊಳ್ಳದೆ ಓದು.

ನಮ್ಮ ಮಕ್ಕಳ ವಾರ್ಡಿಗೆ ಹೊಸ ಅರಿವಳಿಕೆ ಡಾಕ್ಟರ್ ಬಂದಿದ್ದಾರೆ. ನಿನಗಿಂತ ಮೂರ್ನಾಲ್ಕು ವರ್ಷ ದೊಡ್ಡ ಹೆಣ್ಣುಮಗಳು. ಮಾತು ಕಮ್ಮಿ, ಕಣ್ಣು ಚುರುಕು. ಹರ್ನಿಯಾ ಆಪರೇಷನ್ ಆದ ಮಕ್ಕಳಿಗೆ ನೋವು ಗೊತ್ತಾಗದಂತೆ ನರ ಮರಗಟ್ಟಿಸಲು ಇಲ್ಲಿ ಎರಡು ದಾರಿ: ಬೆನ್ನಿನ ಬುಡಕ್ಕೆ ಕೊಡುವ ಇಂಜೆಕ್ಷನ್ ಒಂದು, ಸ್ಕ್ಯಾನಿಂಗ್ ಪರದೆಯಲ್ಲಿ ನೋಡಿಕೊಂಡು ಹೊಟ್ಟೆಯ ಪಕ್ಕಕ್ಕೆ ಕೊಡುವುದು ಇನ್ನೊಂದು. ಯಾವುದು ಹೆಚ್ಚು ಹೊತ್ತು ಮಕ್ಕಳನ್ನು ನೆಮ್ಮದಿಯಾಗಿಡುತ್ತದೆ ಎಂದು ಅವರು ಹೋಲಿಸಿ ನೋಡುತ್ತಿದ್ದಾರೆ. ಯಾರಿಗೆ ಯಾವುದು ಎಂದು ನರ್ಸುಗಳಿಗೆ ತಿಳಿಯಬಾರದಲ್ಲ, ಅದಕ್ಕೆ ಎಲ್ಲ ಮಕ್ಕಳಿಗೂ ಎರಡೂ ಕಡೆ ಅಂಟುಪಟ್ಟಿ ಹಾಕಿ ಕಳಿಸುತ್ತಾರೆ. ಗಂಟೆಗೊಮ್ಮೆ ಮಗುವನ್ನು ಕೇಳಿ, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯುವುದು ನಮ್ಮ ಕೆಲಸ.

ನನ್ನ ಹಾಳೆಗಳಲ್ಲೆಲ್ಲ ಸೊನ್ನೆ. ಇಪ್ಪತ್ತೆರಡು ಮಕ್ಕಳು, ಒಬ್ಬರಿಗೂ ನೋವಿಲ್ಲ. ನಾನು ಬೀಗುತ್ತಿದ್ದೆ. ಡಾಕ್ಟರ್ ಹಾಳೆ ತಿರುವಿ, "ಸಿಸ್ಟರ್, ನಿಮ್ಮ ಪಾಳಿ ಮಕ್ಳಿಗೆ ಮಾತ್ರ ಯಾಕೆ ನೋವೇ ಇಲ್ಲ?" ಎಂದರು.

"ಕೈಗುಣ," ಎಂದೆ. ನಕ್ಕರು, ಆದರೆ ಬಿಡಲಿಲ್ಲ.

ಮರುದಿನ ನನ್ನ ಬೆನ್ನಿಗೇ ಬಂದರು. ಐದು ವರ್ಷದ ಹುಡುಗಿಯೊಬ್ಬಳನ್ನು ನಾನು ಎಂದಿನಂತೆ ಕೇಳಿದೆ: "ಜಾಣೆ ಅಲ್ವಾ ನೀನು? ನೋವಿಲ್ಲ ತಾನೆ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರ್ ಅವಳ ಕಾಲನ್ನೇ ನೋಡುತ್ತಿದ್ದರು. ಮೊಣಕಾಲು ಮಡಚಿಕೊಂಡಿದ್ದಳು, ಕಾಲ್ಬೆರಳು ಬಿಗಿಯಾಗಿದ್ದವು. ಅವರು ಮಂಚದ ಪಕ್ಕ ನೆಲದ ಮೇಲೆಯೇ ಕೂತು, ಅವಳ ಬಟ್ಟೆಗೊಂಬೆ ತೋರಿಸಿ, "ಇವ್ಳಿಗೆ ಹೇಗಿದೆಯಮ್ಮ?" ಎಂದರು.

"ತುಂಬಾ ನೋವು," ಎಂದು ಮಗು ಪಿಸುಗುಟ್ಟಿತು. "ಸಿಸ್ಟರ್‌ಗೆ ಹೇಳ್ಬೇಡಿ. ಇವ್ಳು ಜಾಣ ಗೊಂಬೆ."

ತಕ್ಷಣ ನೋವಿನ ಔಷಧಿ ಕೊಡಿಸಿದರು. ನನ್ನನ್ನು ಬೈಯಲಿಲ್ಲ. ನನ್ನ ಇಪ್ಪತ್ತೆರಡು ಹಾಳೆಗಳ ಜೊತೆಗೆ ಉಳಿದವರ ಹಾಳೆಗಳನ್ನೂ, ಅಂದರೆ ತಮ್ಮ ಐದು ತಿಂಗಳ ದುಡಿಮೆಯನ್ನು, ಪಕ್ಕಕ್ಕಿಟ್ಟು ಹೊಸದಾಗಿ ಶುರು ಮಾಡಿದರು. "ತಪ್ಪು ನಂದೇ ಸಿಸ್ಟರ್. ಏನು ಬರೀಬೇಕು ಅಂತ ಹೇಳ್ದೆ, ಹೇಗೆ ಕೇಳ್ಬೇಕು ಅಂತ ಹೇಳ್ಲಿಲ್ಲ," ಎಂದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾವ ಡಾಕ್ಟರ ಬಾಯಲ್ಲೂ ನಾನು ಇಂಥ ಮಾತು ಕೇಳಿರಲಿಲ್ಲ.

ಈಗ ಮಗುವಿನ ಮುಖ, ಕಾಲು, ಅಳು ನೋಡಿ ಅಂಕ ಬರೆಯುತ್ತೇವೆ. ಗೊಂಬೆಯನ್ನೂ ವಿಚಾರಿಸುತ್ತೇವೆ. ಯಾವ ಇಂಜೆಕ್ಷನ್ ಮೇಲೋ ಇನ್ನೂ ಗೊತ್ತಿಲ್ಲ. ಆ ಹೆಣ್ಣುಮಗಳ ಕೆಲಸ ನೋಡಿ ನನಗಂತೂ ಮನಸ್ಸು ತುಂಬಿಬಂದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಗುನಗುತ್ತಾ ಇರು, ಕಂದ.

ನಿನ್ನ
ಅಮ್ಮ

ಇನ್ನೊಂದು ಮಾತು: ನಾಲ್ಕು ವರ್ಷದವಳಿದ್ದಾಗ ನಿನಗೂ ಇದೇ ವಾರ್ಡಿನಲ್ಲಿ ಹರ್ನಿಯಾ ಆಪರೇಷನ್ ಆಯಿತು. ಆಗ ನಮ್ಮಲ್ಲಿ ಈ ಎರಡು ಇಂಜೆಕ್ಷನ್ನೂ ಇರಲಿಲ್ಲ. ನೀನು ಒಂದು ಹನಿ ಕಣ್ಣೀರು ಹಾಕಲಿಲ್ಲ. "ನನ್ ಮಗ್ಳು ಎಂಥಾ ಜಾಣೆ" ಎಂದು ಇಪ್ಪತ್ತೈದು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೂರು ದಿನ ನೀನು ಮೊಣಕಾಲು ಮಡಚಿಕೊಂಡೇ ಮಲಗಿದ್ದು ಈಗ ನೆನಪಾಗುತ್ತಿದೆ. ನೋವಿತ್ತೇನೇ, ಪುಟ್ಟಿ? ಈಗಲಾದರೂ ಹೇಳು. ಜಾಣೆಯಾಗಬೇಡ.